ನಾಲ್ಕು ಪಾಲಿನ ಪಿಸಿ

ನಮ್ಮ ಹಾಸ್ಟೆಲ್ ರೂಮಲ್ಲಿರೋ ಪಿಸಿಗೆ ನಾಲ್ಕು ಜನ ಓನರ್‌ಗಳು. ಯಾರು ಎಷ್ಟು ದುಡ್ಡು ಹಾಕಿದ್ರು ಅನ್ನೋದನ್ನ ಬೀರು ಬಾಗಿಲ ಒಳಗಡೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೀವಿ. ಮಂಡ್ಯದ್ದು ಎಲ್ಲರಿಗಿಂತ ಜಾಸ್ತಿ, ಹಾವೇರಿದು ಎಲ್ಲರಿಗಿಂತ ಕಡಿಮೆ, ಕುಂದಾಪುರ ಮಧ್ಯದಲ್ಲಿ. ನಮ್ಮ ಬ್ಲಾಕಿನಲ್ಲಿ ಹೆಸರು ಹಿಡಿದು ಕರೆಯೋರು ವಾರ್ಡನ್ ಒಬ್ಬರೇ, ಉಳಿದವರಿಗೆಲ್ಲ ಊರೇ ಹೆಸರು. ನಾಲ್ಕನೇ ಪಾಲು ಯಾರದು ಅಂತ ಹೇಳಬೇಕಿಲ್ಲ, ಇದನ್ನ ಬರೀತಿರೋದು ಯಾರು ಅಂತ ನೋಡ್ಕೊಳ್ಳಿ.

ಮನೇಲಿ ಹೇಳಿದ್ದು ‘ಪ್ರಾಜೆಕ್ಟಿಗೆ ಬೇಕು’ ಅಂತ. ಅದು ಪೂರ್ತಿ ಸುಳ್ಳೇನಲ್ಲ. ಬೆಳಗ್ಗೆ ಹೊತ್ತು ಮ್ಯಾಟ್‌ಲ್ಯಾಬ್ ಓಡ್ತಿತ್ತು. ರಾತ್ರಿ ಊಟ ಆದಮೇಲೆ ಕೌಂಟರ್ ಸ್ಟ್ರೈಕ್ 2, ಭಾನುವಾರ ಜಿಟಿಎ 5.

ಶುರುವಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಅದಕ್ಕೇ ರೈಜೆನ್ 5 5600ಜಿ ತಗೊಂಡಿದ್ದು. ಆ ಪ್ರೊಸೆಸರ್ ಒಳಗೇ ಒಂದು ಚಿಕ್ಕ ಗ್ರಾಫಿಕ್ಸ್ ಇರತ್ತೆ, ಸದ್ಯಕ್ಕೆ ನಡೆಯತ್ತೆ ಅಂತ. ಆದರೆ ಆ ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಸಿಸ್ಟಮ್ ರ‍್ಯಾಮ್‌ನಲ್ಲೇ ಪಾಲು ಕೇಳತ್ತೆ. ನಮ್ಮ ಹತ್ರ ಇದ್ದದ್ದೇ 8 ಜಿಬಿಯ ಒಂದು ಸ್ಟಿಕ್. ಹೊಗೆ ಬಾಂಬ್ ಬಿದ್ದ ಕೂಡಲೇ ಗೇಮ್ ಸ್ಲೈಡ್ ಶೋ ಆಗ್ತಿತ್ತು.

ಜನವರಿಯಲ್ಲಿ ಮತ್ತೆ ದುಡ್ಡು ಕೂಡಿಸಿದ್ವಿ. ಹಾವೇರಿ ರಾತ್ರಿ ಬಸ್ಸಿಗೆ ಹತ್ತಿ ಬೆಂಗಳೂರಿಗೆ ಹೋಗಿ, ಎಸ್‌ಪಿ ರೋಡಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಅಂಗಡಿ ಅಂಗಡಿ ತಿರುಗಿ, ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ತಂದ. 9,500 ರೂಪಾಯಿ, ಬಿಲ್ ಇಲ್ಲ, ಏಳು ದಿನ ಚೆಕಿಂಗ್ ವಾರಂಟಿ. ವಾಪಸ್ ಬರೋವಾಗ ಬಸ್ಸಲ್ಲಿ ಅದನ್ನ ಮೇಲಿಡದೆ ತೊಡೆ ಮೇಲೇ ಇಟ್ಕೊಂಡು ಬಂದಿದ್ದಾನೆ, ಕೂಸಿನ ಥರ.

ಹಾಕಿ, ಆನ್ ಮಾಡಿ, ಗೇಮ್ ಓಪನ್ ಮಾಡಿದರೆ ಹಳೇ ಸ್ಲೈಡ್ ಶೋನೇ. ಒಂದು ಫ್ರೇಮೂ ಜಾಸ್ತಿ ಇಲ್ಲ. ‘ಡೂಪ್ಲಿಕೇಟ್ ಕಾರ್ಡ್ ಕೊಟ್ಟವ್ನೆ ಕಣ್ಲಾ ನಿಂಗೆ’ ಅಂದ ಮಂಡ್ಯ. ಹಾವೇರಿ ಮುಖ ಸಣ್ಣದಾಯ್ತು. ಹತ್ತು ನಿಮಿಷ ಆದಮೇಲೆ ಕುಂದಾಪುರ ಪಿಸಿ ಹಿಂದೆ ಬಗ್ಗಿ ನೋಡಿ ನಗೋಕೆ ಶುರು ಮಾಡಿದ. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಲ್ಲೇ ಇತ್ತು. ಕಾರ್ಡ್ ಸುಮ್ಮನೆ ಕೂತಿತ್ತು, ಗೇಮ್ ಹಳೇ ಗ್ರಾಫಿಕ್ಸ್ ಮೇಲೇ ಓಡ್ತಿತ್ತು. ಕೇಬಲ್ ತೆಗೆದು ಕೆಳಗೆ ಕಾರ್ಡಿಗೆ ಚುಚ್ಚಿದ್ವಿ. ಆಮೇಲೆ ನೋಡಬೇಕಿತ್ತು ನಮ್ಮ ರೂಮು!

ಎಲ್ಲರೂ ನಕ್ಕೆವು. ಆದ್ರೆ ‘ಡೂಪ್ಲಿಕೇಟ್’ ಅನ್ನೋ ಮಾತು ಅವತ್ತೇ ರೂಮೊಳಗೆ ಬಂದು ಕೂತಿತ್ತು ಅಂತ ಈಗ ಅನ್ಸುತ್ತೆ.

ಗೇಮ್ ಚೆನ್ನಾಗಿ ಓಡ್ತಿದೆಯಾ ಇಲ್ವಾ ಅನ್ನೋದನ್ನ ಸರಿಯಾಗಿ ಅಳೆದವನು ನಮ್ಮಲ್ಲಿ ಹಾವೇರಿ ಒಬ್ಬನೇ. ನಾವೆಲ್ಲ ಮೂಲೆಯಲ್ಲಿ ಕಾಣೋ ಎಫ್‌ಪಿಎಸ್ ನಂಬರ್ ನೋಡಿ ‘130 ಬರ್ತಿದೆ, ಸೂಪರ್’ ಅನ್ನೋರು. ಅವನು ಆಫ್ಟರ್‌ಬರ್ನರ್ ಹಾಕಿ, ಸರಾಸರಿ ಒಂದು ಕಾಲಮ್, ‘1 ಪರ್ಸೆಂಟ್ ಲೋ’ ಇನ್ನೊಂದು ಕಾಲಮ್ ಮಾಡಿ ನೋಟ್‌ಬುಕ್‌ನಲ್ಲಿ ಬರೆಯೋನು. ಅತಿ ನಿಧಾನವಾದ ನೂರರಲ್ಲಿ ಒಂದು ಭಾಗದ ಫ್ರೇಮ್‌ಗಳ ಲೆಕ್ಕ ಅದು. ಅವನು ಹೇಳಿಕೊಟ್ಟದ್ದು ಇಷ್ಟು: 60 ಎಫ್‌ಪಿಎಸ್ ಅಂದ್ರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. 144 ಅಂದ್ರೆ 7ಕ್ಕೂ ಸ್ವಲ್ಪ ಕಡಿಮೆ. ಸರಾಸರಿ ಎಷ್ಟೇ ಇರಲಿ, ನಡುನಡುವೆ ಒಂದೊಂದು ಫ್ರೇಮ್ 40, 50 ಮಿಲಿಸೆಕೆಂಡ್ ತಗೊಂಡ್ರೆ ಕಣ್ಣಿಗೆ ಕುಕ್ಕುತ್ತೆ, ಅದೇ ನಾವು ‘ಲ್ಯಾಗ್’ ಅಂತ ಬೈಯೋದು. ಬಸ್ಸು ಸರಾಸರಿ ಎಷ್ಟು ಸ್ಪೀಡಲ್ಲಿ ಬಂತು ಅನ್ನೋದಕ್ಕಿಂತ ಗುಂಡಿ ಎಷ್ಟು ಹಾರಿತು ಅನ್ನೋದು ಸೊಂಟಕ್ಕೆ ಗೊತ್ತಾಗುತ್ತಲ್ಲ, ಹಾಗೆ.

ಅವನ ಇನ್ನೊಂದು ಟೆಸ್ಟ್ ತುಂಬ ಸಿಂಪಲ್, ಯಾರು ಬೇಕಾದ್ರೂ ಮಾಡಬಹುದು. ಗೇಮಿನ ರೆಸಲ್ಯೂಶನ್ ಇಳಿಸಿ ನೋಡೋದು. ಎಫ್‌ಪಿಎಸ್ ಏರಿದ್ರೆ ಕಾರ್ಡಿಗೆ ಕೆಲಸ ಜಾಸ್ತಿ ಆಗಿದೆ ಅಂತ. ಏರದೇ ಇದ್ರೆ ಕಾರ್ಡ್ ಖಾಲಿ ಕೂತು ಪ್ರೊಸೆಸರ್‌ಗೆ ಕಾಯ್ತಿದೆ ಅಂತ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 40 ಪರ್ಸೆಂಟ್ ಅಷ್ಟೇ ತೋರಿಸಿದ್ರೂ ಮೋಸ ಹೋಗಬೇಡಿ. ಗೇಮಿನ ಮುಖ್ಯ ಕೆಲಸ ಒಂದೆರಡು ಕೋರ್ ಮೇಲೆ ಬೀಳುತ್ತೆ. ಅವು ಉಸಿರು ಕಟ್ಟಿ ಓಡ್ತಿರ್ತಾವೆ, ಉಳಿದವು ಹರಟೆ ಹೊಡೀತಿರ್ತಾವೆ. ನಮ್ಮ ಗ್ರೂಪ್ ಪ್ರಾಜೆಕ್ಟ್ ಥರಾನೇ.

ನಮ್ಮ ಪಿಸಿಯಲ್ಲಿ ರೆಸಲ್ಯೂಶನ್ ಇಳಿಸಿದ್ರೂ ಏನೂ ಏರಲಿಲ್ಲ. ‘ರ‍್ಯಾಮ್ ಒಂದ ಸ್ಟಿಕ್ ಐತಿ, ಸಿಂಗಲ್ ಚಾನೆಲ್. ಇದ್ದದ್ದರ ಜೋಡಿನ ಇನ್ನೊಂದು ಹಾಕಿದ್ರ ಡ್ಯುಯಲ್ ಚಾನೆಲ್ ಆಗತೈತಿ, ಪ್ರೊಸೆಸರ್‌ಗೆ ಎರಡು ದಾರಿ ಸಿಗತಾವ’ ಅಂದ ಹಾವೇರಿ. ‘ಜೋಡಿ’ ಅನ್ನೋ ಮಾತನ್ನ ಒತ್ತಿ ಹೇಳಿದ್ದ. ನಾವು ಒತ್ತಿ ಕೇಳಿಸ್ಕೊಳ್ಳಲಿಲ್ಲ.

ಯುಗಾದಿ ರಜಕ್ಕೆ ಅವನು ಊರಿಗೆ ಹೋದ. ನಾವು ಮೂವರು ಇಲ್ಲೇ ಉಳಿದ್ವಿ, ಆನ್‌ಲೈನಲ್ಲಿ ಸ್ಟಿಕ್ ಆರ್ಡರ್ ಮಾಡಿದ್ವಿ. ಹಳೇದು 3200 ಸ್ಪೀಡಿಂದು. ಹೆಚ್ಚುಕಮ್ಮಿ ಅದೇ ರೇಟಿಗೆ 3600 ಸಿಗ್ತಿತ್ತು. ದೊಡ್ಡ ನಂಬರ್ ಸಿಗ್ತಿರುವಾಗ ಚಿಕ್ಕದು ಯಾರು ತಗೋತಾರೆ? ಹಾಕಿದ್ವಿ. ಎರಡೂ 2666ರಲ್ಲಿ ಓಡ್ತಿದ್ವು, ಯಾಕಂದ್ರೆ ರ‍್ಯಾಮ್ ತನ್ನ ಡಬ್ಬಿ ಮೇಲೆ ಬರೆದ ಸ್ಪೀಡಲ್ಲಿ ತಾನಾಗೇ ಓಡಲ್ಲ, ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. ಯೂಟ್ಯೂಬ್ ನೋಡ್ಕೊಂಡು ಅದನ್ನೂ ಆನ್ ಮಾಡಿದ್ವಿ. ಹೊಸ ಸ್ಟಿಕ್‌ನ ಪ್ರೊಫೈಲ್ ಎರಡಕ್ಕೂ ಹತ್ತಿತು. 3600 ಅಂತ ಸ್ಕ್ರೀನಲ್ಲಿ ಬಂದಾಗ ಮೂವರೂ ಚಪ್ಪಾಳೆ ಹೊಡೆದಿದ್ದು ನೆನಪಿದೆ.

ಗೇಮ್ ಬೇರೆ ಲೆವೆಲ್‌ಗೆ ಹೋಯ್ತು. ಸರಾಸರಿಗಿಂತ ಜಾಸ್ತಿ ಬದಲಾದದ್ದು ಹಾವೇರಿಯ ಆ ಎರಡನೇ ಕಾಲಮ್. 45ರ ಆಸುಪಾಸಲ್ಲಿ ಇದ್ದದ್ದು 80 ದಾಟಿತು. ಕುಕ್ಕೋದು ನಿಂತೇಹೋಯ್ತು.

ಅದೇ ವಾರ ಇನ್ನೂ ಏನೇನು ಮಾಡಿದ್ವಿ ಅಂತ ಹೇಳಲೇಬೇಕು. ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿದ್ವಿ. ವಿಂಡೋಸ್ ಅಪ್‌ಡೇಟ್ ತಾನಾಗೇ ಆಯ್ತು. ಪವರ್ ಪ್ಲಾನ್ ಬದಲಿಸಿದ್ವಿ. ಗೇಮಿನ ಲಾಂಚ್ ಆಪ್ಷನ್‌ಗೆ ಯಾರೋ ಕಮೆಂಟಲ್ಲಿ ಬರೆದ ನಾಲ್ಕು ಕಮಾಂಡ್ ತುರುಕಿದ್ವಿ. ಏಪ್ರಿಲ್ ಬಿಸಿಲಿಗೆ ಇಪ್ಪತ್ತು ನಿಮಿಷ ಆಡಿದ ಮೇಲೆ ಎಫ್‌ಪಿಎಸ್ ಬೀಳ್ತಿತ್ತು. ಪ್ರೊಸೆಸರ್ 95 ಡಿಗ್ರಿಗೆ ಹೋಗಿ ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ಸ್ಪೀಡ್ ಇಳಿಸ್ತಿತ್ತು. ಬಿಚ್ಚಿ ನೋಡಿದ್ರೆ ಹೀಟ್ ಸಿಂಕ್ ತುಂಬ ಗ್ರೌಂಡಿನ ಕೆಂಪು ಧೂಳು, ಕಂಬಳಿ ಹೊದ್ದ ಹಾಗೆ. ಪೇಂಟ್ ಬ್ರಷ್ ತಗೊಂಡು ಕ್ಲೀನ್ ಮಾಡಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿದ್ವಿ. 75ರಲ್ಲಿ ನಿಂತಿತು. ಬಿಸಿ ವಿಷಯ ಸಾಲ್ವ್ ಆಗಿದ್ದೇ ನಮಗೆ ನಾವೇ ಎಕ್ಸ್‌ಪರ್ಟ್ ಆಗಿಬಿಟ್ವಿ. ಪಕ್ಕದ ರೂಮವರ ಲ್ಯಾಪ್‌ಟಾಪ್ ಕೂಡ ನಾವೇ ನೋಡಿಕೊಡ್ತಿದ್ವಿ.

ಹಾವೇರಿ ಊರಿಂದ ಬಂದು ಎರಡು ಮೂರು ದಿನಕ್ಕೆ ಕ್ರ್ಯಾಶ್ ಶುರುವಾಯ್ತು.

ಹೇಗೆ ಅಂದ್ರೆ, ಗೇಮ್ ನಡೀತಿದ್ದಂಗೇ ಡೆಸ್ಕ್‌ಟಾಪ್‌ಗೆ ಬಂದುಬಿಡೋದು. ಮೆಸೇಜ್ ಇಲ್ಲ, ಏನಿಲ್ಲ. ಒಮ್ಮೆ ಐದು ನಿಮಿಷಕ್ಕೆ, ಒಮ್ಮೆ ಎರಡು ಗಂಟೆಗೆ. ಒಮ್ಮೆ ಫೈನಲ್ ರೌಂಡಲ್ಲಿ, ಕುಂದಾಪುರ ಒಬ್ಬನೇ ಉಳಿದು ಬಾಂಬ್ ಡಿಫ್ಯೂಸ್ ಮಾಡ್ತಿದ್ದಾಗ. ಅವನ ಬಾಯಿಂದ ಅವತ್ತು ಬಂದ ಕುಂದಾಪ್ರ ಕನ್ನಡ ಇಲ್ಲಿ ಬರೆಯೋಕಾಗಲ್ಲ, ಸಂಪಾದಕರು ತೆಗೀತಾರೆ.

ವಿಂಡೋಸಿನ ಈವೆಂಟ್ ವ್ಯೂವರ್ ತೆಗೆದ್ವಿ. ಯಾವ ಪ್ರೋಗ್ರಾಮ್ ಯಾವಾಗ ಸತ್ತಿತು ಅನ್ನೋ ಡೆತ್ ಸರ್ಟಿಫಿಕೇಟ್ ಅಲ್ಲಿರುತ್ತೆ. ಎಲ್ಲದರಲ್ಲೂ ಒಂದೇ ಕೋಡ್: ಸಿ0000005, ಆಕ್ಸೆಸ್ ವಯಲೇಷನ್. ಪ್ರೋಗ್ರಾಮು ತನ್ನದಲ್ಲದ ಮೆಮೊರಿ ವಿಳಾಸಕ್ಕೆ ಕೈ ಹಾಕಿತು, ವಿಂಡೋಸ್ ಕತ್ತು ಹಿಡಿದು ಹೊರಗೆ ಹಾಕಿತು ಅಂತ ಅರ್ಥ. ಅದರ ಕೆಳಗೆ ‘ಫಾಲ್ಟಿಂಗ್ ಮಾಡ್ಯೂಲ್’ ಅಂತ ಒಂದು ಸಾಲು, ಸತ್ತ ಜಾಗ ಯಾವುದು ಅಂತ. ಮೊದಲ ಸಲ ಅಲ್ಲಿ ಗೇಮಿನ ಹೆಸರೇ ಇತ್ತು. ಎರಡನೇ ಸಲ ವಿಂಡೋಸಿನ ಫೈಲ್. ಮೂರನೇ ಸಲ ಎನ್‌ವಿ ಅಂತ ಶುರುವಾಗೋ ಫೈಲ್, ಅಂದ್ರೆ ಗ್ರಾಫಿಕ್ಸ್ ಡ್ರೈವರ್.

‘ಸಿಕ್ತು ಬುಡು’ ಅಂದ ಮಂಡ್ಯ.

ಸಿಕ್ಕಿದ್ದು ಅದಲ್ಲ. ಒಂದೇ ಗೇಮ್ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಸಾಯ್ತಿದೆ ಅನ್ನೋದೇ ಅಲ್ಲಿದ್ದ ದೊಡ್ಡ ಸುಳಿವು. ಡ್ರೈವರ್ ಕೆಟ್ಟಿದ್ರೆ ಸಾಮಾನ್ಯವಾಗಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುತ್ತೆ. ಹೆಸರು ದಿನಾ ಬದಲಾಗ್ತಿದ್ರೆ ಎಲ್ಲರ ಕಾಲ ಕೆಳಗೂ ಇರೋ ನೆಲವನ್ನೇ ಅನುಮಾನಿಸಬೇಕು. ಆದ್ರೆ ನಮಗೆ ಮೂರರಲ್ಲಿ ಒಂದೇ ಸಾಲು ಕಂಡಿದ್ದು, ಬೇಕಾದ ಸಾಲು.

ಆಮೇಲೆ ಕುಂದಾಪುರ ಮೈನಿಂಗ್ ವಿಷಯ ಎತ್ತಿದ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಕಾಯಿನ್ ತನ್ನ ಪದ್ಧತಿ ಬದಲಿಸ್ತು, ಗ್ರಾಫಿಕ್ಸ್ ಕಾರ್ಡ್ ಹಾಕಿ ಅದನ್ನ ಮೈನ್ ಮಾಡೋದು ನಿಂತುಹೋಯ್ತು. ಹಗಲು ರಾತ್ರಿ ದುಡಿದ ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದ್ವು. 1660 ಸೂಪರ್ ಮೈನಿಂಗ್ ಮಾಡೋರಿಗೆ ಬಲು ಇಷ್ಟದ ಕಾರ್ಡ್. ಇದೆಲ್ಲ ನಿಜವೇ. ನಿಜ ಆಗಿದ್ದಕ್ಕೇ ನಮಗೆ ಅಷ್ಟು ಚೆನ್ನಾಗಿ ಹೊಂದಿಕೊಳ್ತು.

ಡ್ರೈವರ್ ಮೂರು ಸಲ ಬುಡಸಮೇತ ಕಿತ್ತು ಹಾಕಿದ್ವಿ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಹಾಕಿ ಕ್ಲೀನ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡೋದು. ಪ್ರತಿ ಸಲವೂ ಮೊದಲ ಮ್ಯಾಚ್ ಕುಕ್ಕುತ್ತಿತ್ತು. ‘ನೋಡಿ, ಕಾರ್ಡ್ ಇನ್ನೂ ಹಾಳಾಗ್ತಿದೆ’ ಅಂದ್ಕೊಂಡ್ವಿ. ಆಮೇಲೆ ಗೊತ್ತಾಗಿದ್ದು: ಡ್ರೈವರ್ ಬದಲಿಸಿದಾಗ ಮೊದಲೇ ಮಾಡಿಟ್ಟ ಶೇಡರ್ ಕ್ಯಾಶ್ ಲೆಕ್ಕಕ್ಕಿಲ್ಲ, ಗೇಮ್ ಎಲ್ಲವನ್ನೂ ಹೊಸದಾಗಿ ಕಂಪೈಲ್ ಮಾಡ್ಬೇಕು, ಅದಕ್ಕೇ ಕುಕ್ಕು. ರಿಪೇರಿ ಮಾಡಿದ್ದೇ ರೋಗದ ಲಕ್ಷಣ ಆಗಿ ಕಾಣ್ತಿತ್ತು ನಮಗೆ. ಸ್ಟೀಮಲ್ಲಿ ಗೇಮ್ ಫೈಲ್ ವೆರಿಫೈ ಮಾಡಿದ್ವಿ, ಒಮ್ಮೆ ಎರಡು ಫೈಲ್ ಕೆಟ್ಟಿದೆ ಅಂತು, ಡೌನ್‌ಲೋಡ್ ಆಯ್ತು. ನಾಲ್ಕು ದಿನ ಬಿಟ್ಟು ಬೇರೆ ಮೂರು ಕೆಟ್ಟಿದೆ ಅಂತು. ಆ ವಾರವೇ ಮಿನಿ ಪ್ರಾಜೆಕ್ಟಿನ ಝಿಪ್ ಬಿಚ್ಚೋಕೆ ಹೋದ್ರೆ ಸಿಆರ್‌ಸಿ ಎರರ್. ಪೆನ್‌ಡ್ರೈವ್ ಬೈದ್ವಿ.

ಹಾವೇರಿ ಒಂದು ಸಲ ಹೇಳಿದ: ‘ಒಮ್ಮೆ ರ‍್ಯಾಮ್ ಚೆಕ್ ಮಾಡ್ರಲೇ.’

ನಾವು ಹೇಳಿದ್ದು ಇದು: ‘ರ‍್ಯಾಮ್ ಹೊಸದು, ಸೀಲ್ ಪ್ಯಾಕ್, ಬಿಲ್ ಇದೆ. ಹಳೇದು ಯಾವುದು ಅಂತ ಎಲ್ಲರಿಗೂ ಗೊತ್ತಲ್ಲ.’

ಯಾರು ಹೇಳಿದ್ದು ಅಂತ ಬರೆಯಲ್ಲ. ಮೂವರೂ ಹೇಳಬಹುದಿತ್ತು, ಒಬ್ಬರು ಹೇಳಿದ್ವಿ. ಅವನು ಮತ್ತೆ ಮಾತಾಡಲಿಲ್ಲ. ಏಳು ದಿನದ ಚೆಕಿಂಗ್ ವಾರಂಟಿ ಯಾವತ್ತೋ ಮುಗಿದಿತ್ತು.

ಸೆಕೆಂಡ್ ಇಂಟರ್ನಲ್ಸ್ ಹತ್ರ ಬಂತು. ಒಂದು ರಾತ್ರಿ ಬ್ಲೂ ಸ್ಕ್ರೀನ್ ಬಂದು ಮಂಡ್ಯ ಸೇವ್ ಮಾಡದ ಸಿಮ್ಯುಲೇಷನ್ ಹೋಯ್ತು. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಕೇಳೇಬಿಟ್ಟ: ‘ಲೋ, ನಿಜ ಯೋಳು. ಕಾರ್ಡಿಗೆ ಎಷ್ಟ್ ಕೊಟ್ಟೆ?’

ಫ್ಯಾನ್ ಸದ್ದು ಬಿಟ್ರೆ ರೂಮಲ್ಲಿ ಏನೂ ಇಲ್ಲ. ನಾವಿಬ್ಬರು ಮೊಬೈಲ್ ನೋಡ್ತಾ ಕೂತ್ವಿ. ‘ಹಂಗೆಲ್ಲ ಕೇಳ್ಬೇಡ’ ಅಂತ ಒಂದು ಮಾತು ಬಾಯಿಗೆ ಬರಲಿಲ್ಲ. ಹಾವೇರಿ ಫೋನ್ ತೆಗೆದು, ಯುಪಿಐ ಹಿಸ್ಟರಿಯಲ್ಲಿ ಜನವರಿವರೆಗೆ ಹಿಂದೆ ಹೋಗಿ, ಮೇಜಿನ ಮೇಲಿಟ್ಟ. 9,500. ಅದರ ಮೇಲೊಂದು ಕೆಳಗೊಂದು ಬಸ್ ಟಿಕೆಟ್ಟಿನ ದುಡ್ಡು, ನಮ್ಮ ಹತ್ರ ಯಾವತ್ತೂ ಕೇಳದೇ ಇದ್ದದ್ದು.

‘ಕಾರ್ಡ್ ತಗದ ಮಾರ್ರಿ. ಎಷ್ಟು ಕಡಿಮಿ ಬರತೈತಿ ಅಷ್ಟು ನಾ ಕೊಡ್ತೀನಿ’ ಅಂದ. ಸಿಟ್ಟಲ್ಲಿ ಹೇಳಲಿಲ್ಲ. ಅದಕ್ಕೇ ಇನ್ನೂ ನೆನಪಿದೆ. ಚಾದರ ತಗೊಂಡು ರೀಡಿಂಗ್ ರೂಮಿಗೆ ಹೋದ. ಆಮೇಲೆ ಹತ್ತು ದಿನ ರೂಮಿಗೆ ಮಲಗೋಕೆ ಮಾತ್ರ ಬರ್ತಿದ್ದ. ಮೆಸ್ಸಲ್ಲಿ ಬೇರೆ ಟೇಬಲ್.

ಮಾರೋದು ಅಂತಲೇ ಆಯ್ತು. ಬೇರೆ ಬ್ಲಾಕಿನ ಜೂನಿಯರ್ ಒಬ್ಬ ಭಾನುವಾರ ನೋಡ್ತೀನಿ ಅಂದ. ಅವನಿಗೆ ಕ್ರ್ಯಾಶ್ ವಿಷಯ ಹೇಳಬೇಕಾ ಬೇಡ್ವಾ ಅಂತ ನಮ್ಮಲ್ಲಿ ಅರ್ಧ ಗಂಟೆ ಚರ್ಚೆ ಆಯ್ತು ಅನ್ನೋದನ್ನೂ ಇಲ್ಲೇ ಒಪ್ಕೊಂಡುಬಿಡ್ತೀವಿ. ಶುಕ್ರವಾರ ಕಾರ್ಡ್ ಬಿಚ್ಚಿ, ಪೇಪರಲ್ಲಿ ಸುತ್ತಿ ಹಾವೇರಿಯ ಮಂಚದ ಮೇಲೆ ಇಟ್ವಿ. ಕೇಬಲ್ ಮತ್ತೆ ಮದರ್‌ಬೋರ್ಡಿಗೆ ಬಂತು. ಸುಮ್ಮನೆ ಇರೋಕಾಗದೆ, ಎಲ್ಲ ಸೆಟ್ಟಿಂಗ್ ಲೋ ಮಾಡಿ, 720ಪಿ ಇಟ್ಟು, ಒಳಗಿನ ಗ್ರಾಫಿಕ್ಸಲ್ಲೇ ಒಂದು ಮ್ಯಾಚ್ ಹಾಕಿದ್ವಿ.

ಏಳನೇ ರೌಂಡಲ್ಲಿ ಡೆಸ್ಕ್‌ಟಾಪ್.

ಈವೆಂಟ್ ವ್ಯೂವರ್ ತೆಗೆದ್ರೆ ಅದೇ ಸಿ0000005. ಮೂವರೂ ಮಂಚದ ಕಡೆ ನೋಡಿದ್ವಿ. ಕಾರ್ಡ್ ಪೇಪರ್ ಹೊದ್ದು ಮಲಗಿತ್ತು.

‘ಎಂತ ಮಾರಾಯ ಇದು’ ಅಂದ ಕುಂದಾಪುರ, ಬಹಳ ಮೆಲ್ಲಗೆ.

ಇನ್ನು ಉಳಿದದ್ದು ಅವನು ಹೇಳಿದ ಟೆಸ್ಟ್ ಒಂದೇ. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಹಾಕಿ, ವಿಂಡೋಸ್ ಇಲ್ಲದೇ ಅದರಿಂದಲೇ ಬೂಟ್ ಮಾಡಿದ್ವಿ. ಅದು ರ‍್ಯಾಮಿನ ಪ್ರತಿ ಜಾಗಕ್ಕೂ ಒಂದು ಮಾದರಿ ಬರೆದು, ಮತ್ತೆ ಓದಿ, ಬರೆದದ್ದೇ ಇದೆಯಾ ಅಂತ ನೋಡುತ್ತೆ. ಮೊದಲ ಪಾಸ್ ಮುಗಿಯೋ ಮುಂಚೆಯೇ ಎರರ್ ಎಣಿಕೆ ಏರೋಕೆ ಶುರು. ಹೊಸ ಸ್ಟಿಕ್ ತೆಗೆದು ಹಳೇದೊಂದೇ ಅದರ 3200ರಲ್ಲಿ ಓಡಿಸಿದ್ವಿ: ಸೊನ್ನೆ. ಹಳೇದು ತೆಗೆದು ಹೊಸದೊಂದೇ 3600ರಲ್ಲಿ: ಸೊನ್ನೆ. ಎರಡೂ ಹಾಕಿ 3600: ಎರರ್. ಎರಡೂ ಹಾಕಿ 3200: ನಾಲ್ಕು ಪಾಸ್, ಸೊನ್ನೆ. ಅಷ್ಟೊತ್ತಿಗೆ ಶನಿವಾರ ಮಧ್ಯಾಹ್ನ ಆಗಿತ್ತು, ಯಾರೂ ಮಲಗಿರಲಿಲ್ಲ.

ಎರಡು ಸ್ಟಿಕ್‌ನಲ್ಲಿ ಯಾವುದೂ ಕೆಟ್ಟಿರಲಿಲ್ಲ. 3200ಕ್ಕೆ ಹುಟ್ಟಿದ್ದನ್ನ ಇನ್ನೊಂದರ ಪ್ರೊಫೈಲ್ ಹೊರಿಸಿ 3600ರಲ್ಲಿ ಓಡಿಸಿದ್ದು ನಾವು. ಅದು ಬಹಳ ಹೊತ್ತು ಸರಿಯಾಗೇ ಓಡೋದು, ಯಾವಾಗಲೋ ಒಂದು ಬಿಟ್ ತಪ್ಪು ಹೇಳೋದು. ಆ ತಪ್ಪು ಬಿಟ್ ಗೇಮಿನ ವಿಳಾಸದಲ್ಲಿ ಬಿದ್ರೆ ಕ್ರ್ಯಾಶ್, ಝಿಪ್ ಫೈಲಲ್ಲಿ ಬಿದ್ರೆ ಸಿಆರ್‌ಸಿ ಎರರ್, ವಿಂಡೋಸ್ ಕರ್ನಲ್‌ನಲ್ಲಿ ಬಿದ್ರೆ ಬ್ಲೂ ಸ್ಕ್ರೀನ್. ಮತ್ತೆ 3600ರಿಂದ 3200ಕ್ಕೆ ಇಳಿಸಿದ್ದಕ್ಕೆ ಕಳ್ಕೊಂಡದ್ದು ಎಷ್ಟು? ನಾಲ್ಕೈದು ಎಫ್‌ಪಿಎಸ್. ಕುಕ್ಕು ನಿಲ್ಲಿಸಿದ್ದು ಡ್ಯುಯಲ್ ಚಾನೆಲ್, ನಾವು ಚಪ್ಪಾಳೆ ಹೊಡೆದದ್ದು ಆ ದೊಡ್ಡ ನಂಬರಿಗೆ.

ರೀಡಿಂಗ್ ರೂಮಿಗೆ ಮೂವರೂ ಹೋದ್ವಿ. ಅಲ್ಲಿ ಮಾತಾಡೋ ಹಾಗಿಲ್ಲ, ಹೊರಗೆ ಕರ್ಕೊಂಡು ಬಂದ್ವಿ. ಏನು ಹೇಳ್ಬೇಕು ಅಂತ ದಾರಿಯಲ್ಲಿ ರೆಡಿ ಮಾಡ್ಕೊಂಡಿದ್ದು ಯಾವುದೂ ಬಾಯಿಗೆ ಬರಲಿಲ್ಲ. ಮಂಡ್ಯ ನೇರವಾಗಿ ‘ತಪ್ಪಾಯ್ತು ಕಣ್ಲಾ’ ಅಂದ. ನಾವಿಬ್ಬರು ತಲೆ ಆಡಿಸಿದ್ವಿ, ಅದೂ ಸಾಲದು ಅಂತ ಗೊತ್ತಿತ್ತು. ಆಮೇಲೆ ಮೆಮ್‌ಟೆಸ್ಟ್ ಫೋಟೋ ತೋರಿಸಿದ್ವಿ. ಹಾವೇರಿ ಅದನ್ನ ಝೂಮ್ ಮಾಡಿ ಓದಿದ.

‘3600 ಯಾರು ಇಟ್ಟಾರ?’

‘ನಾವು.’

‘ಯಾವಾಗ?’

‘ಯುಗಾದಿಗೆ ನೀನು ಊರಿಗೆ ಹೋದಾಗ.’

‘ನನಗ ಹೇಳಿದ್ರ ಆವತ್ತ ಗೊತ್ತಾಕ್ಕಿತ್ತು’ ಅಂದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ಒಂದ ವಾರದಾಗ ಆರು ಬದಲಿ ಮಾಡಿ ಯಾವುದರಿಂದ ಏನಾತು ಅಂತ ಹೆಂಗ ಗೊತ್ತಾಗಬೇಕಲೇ? ಲ್ಯಾಬ್‌ನಾಗ ಹಿಂಗ ಮಾಡಿದ್ರ ಮೇಡಮ್ಮು ರೆಕಾರ್ಡ್ ಒಗೀತಾರ’ ಅಂದ. ಅವತ್ತೇ ರೂಮಿಗೆ ಬರಲಿಲ್ಲ. ಪುಸ್ತಕ ಅಲ್ಲೇ ಇದೆ, ಓದೋದಿದೆ ಅಂದ. ನಾವೂ ಎಳೆಯಲಿಲ್ಲ.

ಜೂನಿಯರ್‌ಗೆ ಫೋನ್ ಮಾಡಿ ಕಾರ್ಡ್ ಕೊಡಲ್ಲ ಅಂದ್ವಿ. ಬಸ್ಸಿನ ದುಡ್ಡು ನಾಲ್ಕು ಭಾಗ ಮಾಡಿ ಮೂರು ಭಾಗ ಅವನಿಗೆ ಯುಪಿಐ ಮಾಡಿದ್ವಿ. ಅದನ್ನ ತಗೊಂಡ. ಬೇಡ ಅಂದಿದ್ರೆ ನಮಗೆ ಜಾಸ್ತಿ ಕಷ್ಟ ಆಗ್ತಿತ್ತು. ಕ್ಯಾಬಿನೆಟ್ಟಿನ ಪಕ್ಕಕ್ಕೆ ಒಂದು ಎ4 ಹಾಳೆ ಅಂಟಿಸಿದ್ದೀವಿ: ತಾರೀಕು, ಏನು ಬದಲಿಸಿದ್ದು, ಯಾರು. ಮೊದಲ ಸಾಲು ಅವನದೇ ಅಕ್ಷರ: ‘ರ‍್ಯಾಮ್ 3600 ಇದ್ದದ್ದು 3200.’ ‘ಯಾರು’ ಅನ್ನೋ ಕಡೆ ‘ಮೂರು ಮಂದಿ’ ಅಂತ ಬರೆದಿದ್ದಾನೆ. ಅಳಿಸಿಲ್ಲ.

ಅವನು ಮತ್ತೆ ಪಿಸಿ ಮುಂದೆ ಕೂತದ್ದು ಇಂಟರ್ನಲ್ಸ್ ಮುಗಿದ ರಾತ್ರಿ. ಕಾರ್ಡ್ ವಾಪಸ್ ಹಾಕಿದ್ದೂ ಅವನೇ. ನಾವು ಮೂವರು ಹಿಂದೆ ಮಂಚದ ಮೇಲೆ ಸಾಲಾಗಿ ಕೂತಿದ್ವಿ. ಒಂದು ಗಂಟೆ ಆಡಿದ, ಎರಡು ಗಂಟೆ ಆಡಿದ. ಕ್ರ್ಯಾಶ್ ಇಲ್ಲ. ಮೂಲೆಯಲ್ಲಿ ಎಫ್‌ಪಿಎಸ್ 160, 170. ಆದ್ರೆ ಅವನಿಗೆ ಏನೋ ಸರಿ ಬರ್ತಿಲ್ಲ, ಮೌಸ್ ಅತ್ತ ಇತ್ತ ಆಡಿಸಿ ಆಡಿಸಿ ನೋಡ್ತಿದ್ದಾನೆ. ಗೇಮ್ ಮಿನಿಮೈಸ್ ಮಾಡಿ, ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಡಿಸ್‌ಪ್ಲೇ, ಹೀಗೆ ಒಳಗೊಳಗೆ ಹೋದ. ಪಾಸಾಗಿ ಹೋದ ಸೀನಿಯರ್ ಒಬ್ಬರಿಂದ ಕೊಂಡ ನಮ್ಮ ಮಾನಿಟರ್ 144 ಹರ್ಟ್ಜ್‌ದು, ಬೇರೆ ರೂಮವರಿಗೆ ಕರೆದು ಕರೆದು ತೋರಿಸಿದ ಮಾನಿಟರ್.

‘ಲೇ’ ಅಂದ ಹಾವೇರಿ, ಹಿಂದೆ ತಿರುಗದೆ. ‘ಇದು 60ರಾಗ ಐತಿ.’

‘ಯಾವಾಗಿಂದ?’

‘ತಂದಾಗಿಂದ ಇರಬೇಕು.’

ಹಾಳೆಯಲ್ಲಿ ಎರಡನೇ ಸಾಲು ಅದು. ‘ಯಾರು’ ಅನ್ನೋ ಕಡೆ ಈ ಸಲ ನಾಲ್ಕೂ ಊರಿನ ಹೆಸರಿದೆ.